ಸ್ವಿಚ್ಚಿಗೆ ಯಾರೂ ಹೇಳಿರಲಿಲ್ಲ

ಅತ್ತೆ,

ನಿಮ್ಮ ಪಾದಕ್ಕೆ ನಮಸ್ಕಾರ ಎಂದು ಬರೆದು ಹೊಡೆದುಹಾಕಿದೆ. ಅದಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ಮಗುವಿನ ಕೋಣೆಯ ದೀಪದ ಸ್ವಿಚ್ ಸರಿಹೋಯಿತು. ಅದನ್ನು ಕೆಡಿಸಿದ್ದು ನೀವಲ್ಲ, ನಾನು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದರೆ ನೀವು "ಇರ್ಲಿ ಬಿಡಮ್ಮ, ಅದೇನು ದೊಡ್ಡ ವಿಷಯ, ಪುಟ್ಟಿ ಹಾಲು ಕುಡಿದ್ಲಾ?" ಎಂದು ಮಾತು ತಿರುಗಿಸಿಬಿಡುತ್ತೀರಿ. ನಾನೂ ಸದ್ಯ ಮುಗಿಯಿತಲ್ಲ ಎಂದು ಸುಮ್ಮನಾಗಿಬಿಡುತ್ತೇನೆ. ಹಾಗಾಗಬಾರದು ಎಂದು ಬರೆಯುತ್ತಿದ್ದೇನೆ.

ಆ ಸ್ವಿಚ್ಚಿನ ಕಥೆ ನಿಮಗೆ ಗೊತ್ತಿರುವುದೇ. ನಾನು ಬಸುರಿಯಾಗಿದ್ದಾಗ ಸಾಕೇತ್ ಅದನ್ನು ತಂದು ಊಟದ ಮೇಜಿನ ಮೇಲೆ ಬಿಚ್ಚಿ ಹರಡಿಕೊಂಡಿದ್ದರು. ಕಂಪನಿ ಹಾಕಿದ್ದ ಸಾಫ್ಟ್‌ವೇರ್ ನಾವು ದೀಪ ಹಚ್ಚಿದ್ದನ್ನೂ ಆರಿಸಿದ್ದನ್ನೂ ಎಲ್ಲೋ ದೂರಕ್ಕೆ ವರದಿ ಮಾಡುತ್ತದಂತೆ. ಅದನ್ನು ಅಳಿಸಿ ತಾವೇ ಹೊಂದಿಸಿದ ಸಾಫ್ಟ್‌ವೇರ್ ಹಾಕಿದರು. ಇನ್ನು ಅದು ನಮ್ಮ ಮನೆಯ ವೈಫೈಯನ್ನು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ ಎಂದರು. ವೀಡಿಯೊ ಕಾಲ್‌ನಲ್ಲಿ ಮೈಸೂರಿನಿಂದ ನೋಡುತ್ತಿದ್ದ ನೀವು, "ನಿನಗಿಂತ ಮುಂಚೆ ಸ್ವಿಚ್ಚಿಗೇ ಬಾಣಂತನ ಮಾಡ್ತಿದಾನಲ್ಲಮ್ಮ ನಿನ್ನ ಗಂಡ" ಎಂದಿರಿ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಗ ನಿಮ್ಮ ಮಾತೆಂದರೆ ನನಗೆ ಇಷ್ಟವಿತ್ತು.

ತಾನ್ಯಾ ಹುಟ್ಟಿದ ಮೇಲೆ ಆ ಸ್ವಿಚ್ ನನಗೆ ದೇವರಾಯಿತು. ಕೋಣೆಯೊಳಗೆ ಹೆಜ್ಜೆಯಿಟ್ಟರೆ ಏಳುತ್ತಾಳೆ, ಗುಂಡಿ ಟಕ್ ಎಂದರೆ ಏಳುತ್ತಾಳೆ. ಬಾಗಿಲ ಹೊರಗೇ ನಿಂತು ಫೋನಿನಿಂದ ದೀಪವನ್ನು ಮೆಲ್ಲಗೆ ಇಳಿಸಬಹುದಿತ್ತು. ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದ ನೀವು ಮಾತ್ರ ಸಂಜೆಯಾದರೆ ಗೋಡೆಯ ಗುಂಡಿಯನ್ನೇ ಒತ್ತಿ, ಬೆಳಕು ಬಂದ ಕೂಡಲೇ ಕೈ ಮುಗಿಯುತ್ತಿದ್ದಿರಿ. "ಅತ್ತೆ, ಇದು ವೈಫೈ ದೀಪ" ಎಂದರೆ, "ಅದಕ್ಕೂ ಒಂದು ನಮಸ್ಕಾರ ಇರ್ಲಿ ಬಿಡು" ಎನ್ನುತ್ತಿದ್ದಿರಿ.

ಸಾಕೇತ್ ಕೆಲವು ವಾರಗಳ ಕೆಲಸದ ಮೇಲೆ ಟೆನೆಸ್ಸಿಯ ಕಾರ್ಖಾನೆಗೆ ಹೊರಟ ವಾರ ನಾನು ಅಮ್ಮಂದಿರ ಒಂದು ಆನ್‌ಲೈನ್ ಗುಂಪಿನಲ್ಲಿ ಏನನ್ನೋ ಓದಿದೆ. ಯಾರದೋ ಮನೆಯ ಮಗುವಿನ ಕ್ಯಾಮೆರಾದೊಳಗೆ ಹೊರಗಿನವರು ಇಣುಕಿದ್ದರಂತೆ. ಕೂತಲ್ಲೇ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಬದಲಾಯಿಸಿದೆ. ಕ್ಯಾಮೆರಾಕ್ಕೆ, ಟಿವಿಗೆ, ನಿಮ್ಮ ಫೋನಿಗೆ, ನನ್ನ ಫೋನಿಗೆ ಹೊಸದನ್ನು ಕೊಟ್ಟೆ. ಸಾಕೇತ್‌ಗೆ ಹೇಳಲಿಲ್ಲ. ನನ್ನ ಹೆದರಿಕೆಗಳನ್ನು ಕಂಡರೆ ಅವರು, "ಗಾಳಿಗೂ ಒಂದು ಪಾಸ್‌ವರ್ಡ್ ಹಾಕು ರೇಣು" ಎಂದು ಗೇಲಿ ಮಾಡುತ್ತಾರೆ. ಹಳೆಯ ಪಾಸ್‌ವರ್ಡನ್ನು ಆ ಸ್ವಿಚ್ಚಿನ ಹೊಟ್ಟೆಯೊಳಗೇ ಬರೆದಿಟ್ಟಿದ್ದರು ಎಂಬುದು ನನಗೆ ಹೊಳೆಯಲೇ ಇಲ್ಲ.

ಅಂದಿನಿಂದ ಸ್ವಿಚ್ ಫೋನಿನ ಮಾತು ಕೇಳಲಿಲ್ಲ. ವೈಫೈ ಸಿಗದೆ ಮತ್ತೆ ಮತ್ತೆ ತನ್ನಷ್ಟಕ್ಕೇ ರೀಸ್ಟಾರ್ಟ್ ಆಗುತ್ತಿತ್ತು. ಪ್ರತಿ ಸಲವೂ ದೀಪ ಆರುತ್ತಿತ್ತು. ನೀವು ಬಂದು ಹೇಳಿದಿರಿ: "ರೇಣು, ದೀಪ ತಾನಾಗೇ ಆರ್ತಾ ಇದೆ ಕಣಮ್ಮ. ನಾನೇನೂ ಮಾಡ್ಲಿಲ್ಲ." ನಾನು ಸಾಕೇತ್‌ಗೆ ಫೋನ್ ಮಾಡಿ ಸ್ವಿಚ್ ಕೆಟ್ಟಿದೆ ಎಂದೆ. ಪಾಪ, ಅವರು ಇದ್ದದ್ದನ್ನು ಹೇಳಿದರು: "ಗುಂಡೀನ ತುಂಬಾ ಹೊತ್ತು ಒತ್ತಿ ಹಿಡಿದ್ರೆ ಎಲ್ಲಾ ಅಳಿಸಿಹೋಗುತ್ತೆ. ಅಮ್ಮ ಏನಾದ್ರೂ ಒತ್ತಿದ್ರಾ?" ನನಗೆ ಅಷ್ಟು ಸಾಕಾಯಿತು.

ರಾಚೆಸ್ಟರ್ ಹಿಲ್ಸ್‌ನಿಂದ ಭಾನುಪ್ರಿಯಾ ಆಂಟಿ ಮಗುವನ್ನು ನೋಡಲು ಬಂದ ದಿನವೇ ದೀಪ ಮತ್ತೆ ಆರಿತು, ತಾನ್ಯಾ ಎದ್ದು ಕಿರುಚಿದಳು. ನಾನು ಅವರ ಎದುರೇ ಹೇಳಿದೆ: "ಬೇಡ ಅಂದಿದ್ದನ್ನ ಮುಟ್ಟೋದು, ಆಮೇಲೆ ಮುಟ್ಟಿಲ್ಲ ಅನ್ನೋದು. ಒಂದು ಮಗು ನೋಡ್ಕೊಳ್ಳೋದೇ ಸಾಕಾಗಿದೆ ನನಗೆ." ನೀವು ಎದ್ದು ಅಡುಗೆಮನೆಗೆ ಹೋದಿರಿ.

ಅಂದೇ ಆ ಗುಂಡಿಯ ಮೇಲೆ ಟೇಪು ಅಂಟಿಸಿ "ಮುಟ್ಟಬೇಡಿ" ಎಂದು ಬರೆದೆ. ಕನ್ನಡದಲ್ಲಿ ಬರೆದೆ. ಈ ಮನೆಯಲ್ಲಿ ಹಾಲಿನ ಬಾಟಲಿಯ ಮೇಲಿನ ಚೀಟಿಯಿಂದ ಹಿಡಿದು ಎಲ್ಲವನ್ನೂ ನಾನು ಇಂಗ್ಲಿಷಿನಲ್ಲೇ ಬರೆಯುವವಳು. ಆ ಒಂದು ಮಾತನ್ನು ಮಾತ್ರ ನಿಮ್ಮ ಭಾಷೆಯಲ್ಲಿ, ನೀವೊಬ್ಬರೇ ಓದಲಿ ಎಂದು ಬರೆದೆ.

ಹೆರಿಗೆ ರಜೆ ಮುಗಿದು ಲಿವೋನಿಯಾದ ಆಫೀಸಿಗೆ ಮೊದಲ ಸಲ ಹೋದ ದಿನ ಮನೆಗೆ ಬಂದಾಗ ಕತ್ತಲಾಗಿತ್ತು. ಡಿಸೆಂಬರಿನಲ್ಲಿ ಇಲ್ಲಿ ಐದು ಗಂಟೆಗೇ ಕತ್ತಲು. ಮಗುವಿನ ಕೋಣೆಯಲ್ಲಿ ಬೆಳಕಿರಲಿಲ್ಲ. ನೀವು ಕುರ್ಚಿಯಲ್ಲಿ ತಾನ್ಯಾಳನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಿರಿ. ದೀಪ ಹಚ್ಚುವ ಹೊತ್ತಿನಲ್ಲಿ ಮನೆ ಕತ್ತಲಿರಬಾರದು ಎನ್ನುವ ನೀವು. "ಯಾಕತ್ತೆ ಹೀಗೆ ಕೂತಿದೀರಾ?" ಎಂದರೆ, "ಮುಟ್ಟಬೇಡಿ ಅಂತ ಬರೆದಿದೀಯಲ್ಲ" ಎಂದಿರಿ. ದನಿಯಲ್ಲಿ ಕೋಪವಿರಲಿಲ್ಲ, ಚುಚ್ಚುವ ಧಾಟಿಯೂ ಇರಲಿಲ್ಲ. ಇದ್ದಿದ್ದರೆ ನಾನೂ ಒಂದು ಮಾತಾಡಿ ಹಗುರಾಗುತ್ತಿದ್ದೆ. ಆ ವಾರದ ಕೊನೆಗೆ ವಿನಿತಾ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಿಂದ ಬಂದಾಗ, "ಸ್ವಲ್ಪ ದಿನ ಮಗಳ ಮನೇಲಿ ಇದ್ದು ಬರ್ತೀನಿ" ಎಂದು ಅವಳ ಜೊತೆ ಹೊರಟಿರಿ. ಸೂಟ್‌ಕೇಸ್ ಎರಡನ್ನೂ ತೆಗೆದುಕೊಂಡು ಹೋದಿರಿ.

ಕಳೆದ ಶನಿವಾರ ಸಾಕೇತ್ ಬಂದರು. ಅವರ ಫೋನಿಗೆ ವೈಫೈ ಸಿಗಲಿಲ್ಲ. "ಪಾಸ್‌ವರ್ಡ್ ಯಾವಾಗ ಬದಲಾಯಿಸಿದೆ?" ಎಂದು ಕೇಳಿದರು. ನಾನು ಹೇಳುತ್ತಿದ್ದ ಹಾಗೇ ಅವರ ಕಣ್ಣು ಮಗುವಿನ ಕೋಣೆಯ ಕಡೆ ಹೋಯಿತು. "ಮತ್ತೆ ಸ್ವಿಚ್ಚಿಗೆ ಯಾರು ಹೇಳಿದ್ರು?" ಎಂದರು. ಅಷ್ಟೇ.

ನಾನೇ ಸರಿಮಾಡುತ್ತೇನೆ, ನೀವು ಮುಟ್ಟಬೇಡಿ ಎಂದೆ ಅವರಿಗೆ. ಮತ್ತೆ ಅದೇ ಮಾತು ಬಾಯಿಗೆ ಬಂತು ನೋಡಿ. ಟೇಪು ಕಿತ್ತರೂ ಅಂಟು ಹೋಗಲಿಲ್ಲ, ಉಗುರಿನಿಂದ ಕೆರೆದೆ. ಮನೆಯ ವೈಫೈ ಸಿಗದಿದ್ದಾಗ ಆ ಸ್ವಿಚ್ ತಾನೇ ಒಂದು ಪುಟ್ಟ ವೈಫೈ ಎಬ್ಬಿಸಿ ಕಾಯುತ್ತದಂತೆ. ಅದರ ಹೆಸರು ಇಷ್ಟು ದಿನವೂ ನನ್ನ ಫೋನಿನಲ್ಲಿ ಕಾಣುತ್ತಿತ್ತು. ಯಾರೋ ಹೊರಗೆ ಕಾರಿನಲ್ಲಿ ಕೂತು ನಮ್ಮ ಮನೆಯನ್ನು ನೋಡುತ್ತಿದ್ದಾರೆಂದು ನಾನು ಪರದೆ ಎಳೆಯುತ್ತಿದ್ದೆ. ಅದಕ್ಕೆ ಫೋನನ್ನು ಸೇರಿಸಿದೆ, ಒಂದು ಪುಟ ತೆರೆಯಿತು, ಹೊಸ ಹೆಸರು ಮತ್ತು ಪಾಸ್‌ವರ್ಡ್ ಹಾಕಿ ಸೇವ್ ಒತ್ತಿದೆ. ಹಾಲು ಕಾಯುವಷ್ಟು ಹೊತ್ತೂ ಆಗಲಿಲ್ಲ. ಆಮೇಲೆ ಸಾಕೇತ್ ಇನ್ನೊಂದು ವಿಷಯ ಹೇಳಿದರು. ಗೋಡೆಯ ಗುಂಡಿಯನ್ನು ಸುಮ್ಮನೆ ಒಮ್ಮೆ ಒತ್ತಿದರೆ ಏನೂ ಅಳಿಸಿಹೋಗುತ್ತಿರಲಿಲ್ಲವಂತೆ, ವೈಫೈ ಇಲ್ಲದಿದ್ದರೂ ದೀಪ ಹತ್ತುತ್ತಿತ್ತಂತೆ. ಅಂದರೆ ನೀವು ಕೈ ಚಾಚಿದ್ದರೆ ಬೆಳಕು ಬರುತ್ತಿತ್ತು.

ನಿದ್ದೆಯಿರಲಿಲ್ಲ, ಅದಕ್ಕೇ ಹಾಗೆ ಆಡಿದೆ ಎಂದು ಬರೆಯಬಹುದು. ಆದರೆ ನೀವೂ ನನ್ನ ಜೊತೆಗೇ ನಿದ್ದೆಗೆಟ್ಟಿರಿ. ನಿಜ ಹೇಳುತ್ತೇನೆ ಅತ್ತೆ. ನನ್ನ ಕೈಯಲ್ಲಿ ಬಿಲ್ಲಿನಂತೆ ಸೆಟೆದು ಅಳುವ ಮಗು ನಿಮ್ಮ ಹೆಗಲ ಮೇಲೆ ಹೋದ ಕೂಡಲೇ ಮಲಗುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಯಾವುದಾದರೂ ಒಂದು ವಿಷಯದಲ್ಲಿ ನಿಮ್ಮ ಕೈ ತಪ್ಪಾಗಲಿ ಎಂದು ಕಾಯುತ್ತಿದ್ದೆ. ಸ್ವಿಚ್ ಸಿಕ್ಕಿತು. ಇದನ್ನು ಸಾಕೇತ್‌ಗೂ ಹೇಳಿಲ್ಲ.

ಭಾನುಪ್ರಿಯಾ ಆಂಟಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. "ಅಯ್ಯೋ, ನಾನು ಆವತ್ತೇ ಮರೆತುಬಿಟ್ಟೆ" ಎಂದರು. ಆಮೇಲೆ, "ನಿಮ್ಮತ್ತೆ ನನಗೆ ಕಾಫಿ ಬೆರೆಸ್ಕೊಂಡು ಲೋಟ ಹಿಡ್ಕೊಂಡು ಅಲ್ಲೇ ನಿಂತಿದ್ರು ಕಣೇ. ಈಚೆಗೆ ಹೇಗೆ ಬರೋದು ಅಂತ ಗೊತ್ತಾಗ್ಲಿಲ್ಲ ಅವ್ರಿಗೆ. ನಾನೇ ಹೋಗಿ ಇಸ್ಕೊಂಡೆ" ಎಂದರು.

ನಿಮ್ಮ ವಾಪಸ್ ಟಿಕೆಟನ್ನು ಡೆಟ್ರಾಯಿಟ್ ಬದಲು ಶಿಕಾಗೋದಿಂದ ಮಾಡಿಸಲು ವಿನಿತಾ ವಿಚಾರಿಸುತ್ತಿದ್ದಾಳೆಂದು ಕೇಳಿದೆ. ಬೇಡ ಎನ್ನುವ ಹಕ್ಕು ನನಗಿಲ್ಲ. ಅಮ್ಮನನ್ನು ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದರು ಸಾಕೇತ್. ನಾನು ಒಪ್ಪಲಿಲ್ಲ. ಆಡಿದ ಬಾಯಿ ನನ್ನದು. ಈ ಶನಿವಾರ ತಾನ್ಯಾಳನ್ನು ಕೂರಿಸಿಕೊಂಡು ನಾನೇ ಡ್ರೈವ್ ಮಾಡಿಕೊಂಡು ಬರುತ್ತೇನೆ. ಇಲ್ಲೇ ಹತ್ತಿರದ ವಿಕ್ಸಮ್‌ನ ಅಂಗಡಿಯಿಂದ ಆಚೆಗೆ ಅವಳನ್ನು ಕರೆದುಕೊಂಡು ಹೋಗಲೂ ನಾನು ಹೆದರುತ್ತೇನೆಂದು ನಿಮಗೆ ಗೊತ್ತು. ಹೆದರಿಕೊಂಡೇ ಬರುತ್ತೇನೆ, ಅಳುತ್ತಾಳೆಂದು ಹೆದ್ದಾರಿಯ ಎಕ್ಸಿಟ್ ಎಕ್ಸಿಟಿಗೂ ಇಳಿದು ನಿಲ್ಲಿಸಬೇಕಾದರೂ ಸರಿ. ಅಂದು ಆಂಟಿಯ ಎದುರು ಎಷ್ಟು ಜೋರಾಗಿ ಅಂದೆನೋ ಅಷ್ಟೇ ಜೋರಾಗಿ ವಿನಿತಾಳ ಮುಂದೆ ನಿಮ್ಮ ಕ್ಷಮೆ ಕೇಳುತ್ತೇನೆ. ನೀವು ಆಗಲೂ "ಇರ್ಲಿ ಬಿಡು" ಎಂದರೆ ನಾನು ಬಿಡುವುದಿಲ್ಲ. ಬೈಯಬೇಕೆನಿಸಿದರೆ ಬೈಯಿರಿ.

ನಿಮ್ಮನ್ನು ಹೊರಡಿಸಿಕೊಂಡು ಹೋಗಲು ಬರುತ್ತಿಲ್ಲ. ಹಿಂದಿನ ಸೀಟಿನಲ್ಲಿ ತಾನ್ಯಾಳ ಪಕ್ಕ ಒಂದು ಜಾಗ ಇರುತ್ತದೆ. ಅಲ್ಲಿ ಡೈಪರ್ ಚೀಲ ಇಟ್ಟಿರುವುದಿಲ್ಲ. ಬರುತ್ತೀರೋ ಇಲ್ಲವೋ ಎಂದು ನಾನು ಕೇಳುವುದೂ ಇಲ್ಲ, ನೀವೇ ತೀರ್ಮಾನಿಸಿ.

ನನಗಾಗಿ ಆಶೀರ್ವಾದ ಕೇಳುವ ಮುಖ ಇಂದು ಇಲ್ಲ. ನಿಮ್ಮ ಮೊಮ್ಮಗಳ ತಲೆಯ ಮೇಲೆ ನಿಮ್ಮ ಕೈ ಯಾವತ್ತೂ ಇರಲಿ.

ತಲೆ ತಗ್ಗಿಸಿ,
ನಿಮ್ಮ ಸೊಸೆ ರೇಣು