ಸಾವಕ್ಕನ ನೆತ್ತಿ

೧೨ ನವೆಂಬರ್ ೨೦೨೪. ಬೆಳಿಗ್ಗೆ ೬.

ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದೆ. ಅಂಗಳದಲ್ಲಿ ನಿಂತು ಗುಡ್ಡದ ಕಡೆಗೊಂದು ಗರ್ಜನೆ — "ಎಲೈ ಗಿರಿರಾಜನೇ!" ನಾಟಕ ಕಂಪನಿ ಮುಚ್ಚಿ ಹದಿನೆಂಟು ವರ್ಷ. ಗಂಟಲಿಗೆ ಇನ್ನೂ ಖಬರಿಲ್ಲ.

"ಸಾಕ್ ಮಾಡಲೇ ಅಂದಪ್ಪ, ಎಮ್ಮಿ ಹಿಂಡಾಕ ಕೊಡವಲ್ದು" — ಒಳಗಿನಿಂದ ಅವ್ವ, ಸಾವಕ್ಕ.

ಈ ಗಂಟಲು ಅವಳದೇ. ಹಿಂದೆ ಗುಡ್ಡದ ಬುಡದಲ್ಲಿ ಊರಿನ ಮೆಣಸಿನಕಾಯಿ ಒಣಗುವಾಗ ತುದಿಯಲ್ಲಿ ಇವಳ ಕಾವಲು. ಮೂಡಣದಲ್ಲಿ ಮೋಡ ಕಂಡರೆ ಒಂದೇ ಕೂಗು! ಕೆಳಗೆ ಹೆಂಗಸರು ಕಾಯಿ ಬಳಿದು ಮುಚ್ಚಿಬಿಡುತ್ತಿದ್ದರು. ಅದಕ್ಕೇ ಆ ತುದಿ ಸಾವಕ್ಕನ ನೆತ್ತಿ. ಊರೇ ಇಟ್ಟ ಹೆಸರು.

೧೫ ನವೆಂಬರ್.

ನಂದೀಶ ಬಂದಿದ್ದ. ಕಂಪನಿಯಲ್ಲಿ ನಾನು ಹೇಳಿದ ನಾಟಕಗಳನ್ನು ಬರೆದುಕೊಳ್ಳುತ್ತಿದ್ದ ಶಿಷ್ಯ, ಈಗ ಶಾಲೆ ಮಾಸ್ತರ. ಗುಡ್ಡದ ಬುಡದಲ್ಲಿ ಅದರ ಹೆಸರು, ವಿವರ ಕೆತ್ತಿದ ಕಲ್ಲಿನ ಫಲಕ ನಿಲ್ಲಿಸುತ್ತಾರಂತೆ. ಬರೆಯುವವನು ಇವನೇ. ಗುಡ್ಡದ ಕಲ್ಲಿನ ಜಾತಿ ಕೇಳಿದ — ಕಬ್ಬಿಣ ತುಂಬಿದ ಕೆಂಪು ಪಟ್ಟೆಗಲ್ಲು, ಬಡಿದರೆ ಗಂಟೆ! ಹವೆ ಕೇಳಿದ — ಆಷಾಢದ ಗಾಳಿಗೆ ತಲೆಯ ಮೇಲೆ ಪಟಕಾ ನಿಲ್ಲದು, ಬುಡ ಬೇಯುವಾಗಲೂ ತುದಿ ತಂಪು. ಹೆಸರು ಕೇಳಲಿಲ್ಲ. ಕೇಳುವುದೇನು? ಅವ್ವನ ಕೈಯ ರೊಟ್ಟಿ ತಿಂದು ಬೆಳೆದವನು.

ಅವ್ವ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ಕಣ್ಣು ಮಂಜು. "ಅಕ್ಷರ ದೊಡ್ಡವು ಕೆತ್ತಾಕ ಹೇಳು. ಕೈಯಾಡ್ಸಿ ನೋಡ್ತೀನಿ."

೨ ಡಿಸೆಂಬರ್. ಮಧ್ಯಾಹ್ನ.

ಫಲಕದ ಬಟ್ಟೆ ಸರಿಸಿದರು. ಕಲ್ಲು ಸರಿ. ಹವೆ ಸರಿ. ಮೇಲೆ ದಪ್ಪಕ್ಷರದಲ್ಲಿ — ರಣಧೀರ ಶಿಖರ.

ದ್ರೋಹ! ಮಂದಿಯ ನಡುವೆಯೇ ಕೂಗಿದೆ: "ಅವ್ವನ ಹೆಸರು ಎಲ್ಲಿ ಒಗದೆಲೇ ನಂದ್ಯಾ?"

ಅಂಜಲಿಲ್ಲ ಅವನು. "ಮನಿಮನಿ ಕೇಳೇನ್ರಿ ಕಾಕಾ. ಎಲ್ಲಾರೂ ರಣಧೀರ ಅಂದ್ರು. ಸಾವಕ್ಕ ಅಂದವರು ಇಬ್ಬರು ಮುದುಕೇರು, ಅಷ್ಟ. ನಾಟಕದಾಗ ಸಾವಕ್ಕ ಅಂದ್ರ ಚಪ್ಪಾಳಿ ಬೀಳೂದಿಲ್ಲ, ತಗದು ರಣಧೀರ ಅಂತ ಒಬ್ಬ ರಾಜಾನ್ನ ಹಾಕು ಅಂದವರು ಯಾರ್ರಿ? ನೀವ ಹೇಳಿದ್ರಿ, ನಾನ ತಿದ್ದಿ ಬರದೆ. ಇಪ್ಪತ್ತು ವರ್ಷ ಸ್ಟೇಜಿನ ಮ್ಯಾಲ ನಿಂತು ಒದರಿದ್ರಿ. ಮಂದಿ ನಂಬ್ಯಾರ."

"ನಿನಗ ಖರೆ ಗೊತ್ತಿತ್ತಲ್ಲೋ!"

"ನಿಮಗೂ ಗೊತ್ತಿತ್ತಲ್ರಿ."

ಸಂಜೆ.

ಗದ್ದಲವಿರುತ್ತದೆ, ನಿನ್ನನ್ನು ನಾಳೆ ಕರೆದೊಯ್ಯುತ್ತೇನೆ ಎಂದು ಹೇಳಿ ಹೋಗಿದ್ದೆ. ಆದರೂ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಾಳೆ ಅವ್ವ.

"ಏನ್ ಬರದಾರೋ? ಜೋರ್ಲೆ ಹೇಳಪಾ, ಓಣಿಗೆಲ್ಲಾ ಕೇಳ್ಲಿ."

ಎದುರಿಗೆ ನಿಂತೆ. ಎದೆ ತುಂಬ ಉಸಿರೆಳೆದೆ. "ಅವ್ವಾ, ಕಲ್ಲಿನ ಮ್ಯಾಲ..." ಎಂದೆ. ಆಮೇಲೆ, ಓಣಿಗೆ ಕೇಳದ ಹಾಗೆ ಅವಳ ಕಿವಿಯ ಹತ್ತಿರ ಬಾಗಿ — "ರಣಧೀರ ಅಂತ ಐತಿ. ಆ ಹೆಸರು ಇಟ್ಟಾಂವ ನಾನ."