ಒಂದು ಸುತ್ತಿಗೆಯ ನಿವೃತ್ತಿ

ಯುರಲ್, ೧೪ ಮಾರ್ಚ್ ೧೯೪೩

ಪ್ರೀತಿಯ ಸೇನ್ಯಾ ಅಣ್ಣನಿಗೆ,

ಟ್ಯಾಂಕ್ ಕಾರ್ಖಾನೆಯ ನಕ್ಷೆ ಕೋಣೆಯ ಮಹಾಮಹಿಮ ಕಿರಿಯ ಇಂಜಿನಿಯರ್, ನಿನ್ನ ತಮ್ಮ ಮತ್ವೇಯ್, ತಲೆಬಾಗಿ ಮಾಡುವ ನಮಸ್ಕಾರಗಳು. ಟೋಪಿ ತೆಗೆದಿಲ್ಲ, ಕ್ಷಮಿಸು. ಈ ಚಳಿಯಲ್ಲಿ ತೆಗೆದರೆ ಕಿವಿಯೂ ಅದರ ಜೊತೆಗೇ ಬರುತ್ತದೆ. ಉತ್ತರ ತಡವಾಯಿತು. ಶಾಯಿ ಹೆಪ್ಪುಗಟ್ಟಿತ್ತು ಎನ್ನೋಣವೆಂದರೆ ಪೆನ್ಸಿಲ್ ಇತ್ತು. ದಣಿವು ಎಂದಿಟ್ಟುಕೋ. ಇಲ್ಲಿ ಎಲ್ಲರೂ ಕುದುರೆಗಳ ಹಾಗೆ ನಿಂತಲ್ಲೇ ನಿದ್ದೆ ಮಾಡುತ್ತೇವೆ. ಹುಲ್ಲು ಮಾತ್ರ ಸಿಗುವುದಿಲ್ಲ. ಕಾರ್ಖಾನೆಯ ಗುಟ್ಟಿರುವುದರಿಂದ ಇದು ಅಂಚೆಗೆ ಹಾಕುವಂಥ ಕಾಗದವಲ್ಲ. ಹೊಸ ಟ್ಯಾಂಕುಗಳನ್ನು ಓಡಿಸಿ ಪರೀಕ್ಷಿಸುವ ಗ್ಲಾಫಿರಕ್ಕ ನಿನ್ನ ಆಸ್ಪತ್ರೆಯ ಊರಿಗೇ ಹೊರಟಿದ್ದಾಳೆ, ಅವಳ ಬೂಟಿನೊಳಗೆ ಬರುತ್ತದೆ. ವಾಸನೆಗೆ ನಾನು ಹೊಣೆಯಲ್ಲ.

ನೀನು ಕೇಳಿದ್ದು ಒಂದೇ: ಹೊಸ ಗೇರನ್ನು ಒಂದೇ ಕೈಯಲ್ಲಿ ಹಾಕಬಹುದೇ, ಮತ್ತೆ ಚಾಲಕನ ಸೀಟಿಗೆ ಮರಳಬಹುದೇ ಎಂದು. ಹೇಳುತ್ತೇನೆ. ಮೊದಲು ಸುತ್ತಿಗೆಯ ಕಥೆ ಕೇಳು.

ಹಳೆಯ ಗೇರಿನ ಹಿಡಿ ಕೈಗೆ ಬಗ್ಗುವುದಿಲ್ಲವೆಂದು ನೀವು ಚಾಲಕರೆಲ್ಲ ಸೀಟಿನಡಿ ಸುತ್ತಿಗೆ ಇಟ್ಟುಕೊಂಡಿರಿ. ಅದು ತಿಳಿದಾಗ ನಮ್ಮ ಜಾಣರು ಗೇರನ್ನು ಸರಿಮಾಡಿದರೇ? ಪ್ರತಿ ಟ್ಯಾಂಕಿನ ಜೊತೆ ಒಂದು ಒಳ್ಳೆಯ ಸುತ್ತಿಗೆ ಕಳಿಸತೊಡಗಿದರು. ನಾವು ಬರೆದ ಹೊಸ ಗೇರಿನ ನಕ್ಷೆ ಮುಖ್ಯ ವಿನ್ಯಾಸಕ ಇಪ್ಪೊಲಿತ್ ಕಾಜಿಮಿರೊವಿಚ್ ಅವರ ಮೇಜಿನ ಮೇಲೆ ಚಳಿಗಾಲವಿಡೀ ಮಲಗಿತ್ತು. ಬದಲಾವಣೆಗೆಂದು ಸ್ವಲ್ಪ ಹೊತ್ತು ಕೆಲಸ ನಿಂತರೂ ರಣರಂಗಕ್ಕೆ ಟ್ಯಾಂಕ್ ಕಡಿಮೆಯಾಗುತ್ತದೆ ಎನ್ನುವುದು ಅವರ ವಾದ. ಸುಳ್ಳೂ ಅಲ್ಲ.

ಹಾಗಾಗಿ ನಾನೇ ಗೋಡೆಗೊಂದು ಆಜ್ಞೆ ಅಂಟಿಸಿದೆ: "ಯುದ್ಧದಲ್ಲಿ ತೋರಿದ ಪರಾಕ್ರಮಕ್ಕಾಗಿ ಸುತ್ತಿಗೆಯನ್ನು ಪ್ರತಿ ಟ್ಯಾಂಕಿನ ಐದನೆಯ ಸಿಪಾಯಿಯಾಗಿ ನೇಮಿಸಲಾಗಿದೆ. ಇನ್ನು ಮುಂದೆ ಅದಕ್ಕೂ ಬ್ರೆಡ್ಡು, ತಂಬಾಕು ಹಾಗೂ ಒಂದು ಜೊತೆ ಒಳಉಡುಪು ಸಲ್ಲತಕ್ಕದ್ದು."

ಇಪ್ಪೊಲಿತ್ ಕಾಜಿಮಿರೊವಿಚ್ ಎರಡು ಸಲ ಓದಿದರು. ಇದನ್ನು ಬರೆದ ಮಹಾನುಭಾವ ಯಾರೆಂದು ಕೇಳಿದರು. ಕೈ ಎತ್ತಿದೆ. ನನ್ನನ್ನು ಅಲ್ಲೇ ಹುರಿದುಬಿಡುತ್ತಿದ್ದರು, ಗ್ಲಾಫಿರಕ್ಕ ಅಡ್ಡ ಬಂದಳು.

"ಹುಡುಗನ್ನ ಆಮೇಲೆ ಬೈಕೊಳ್ಳಿ. ಇಷ್ಟು ವರ್ಷ ಟ್ಯಾಂಕಿನ ಚಿತ್ರ ಬರದ್ರಲ್ಲ, ಒಂದ್ಸಲನಾದ್ರೂ ಓಡಿಸಿದೀರಾ? ಕ್ಯಾಂಟೀನ್ ತನಕ ಓಡಿಸಿ ತೋರ್ಸಿ, ಸಾಕು."

ಎಲ್ಲರೂ ನೋಡುತ್ತಿದ್ದರು. ಮುಖ್ಯ ವಿನ್ಯಾಸಕರು ಹಟಕ್ಕೆ ಬಿದ್ದು ಟ್ಯಾಂಕಿನೊಳಗೆ ಇಳಿದರು. ಅವಳೂ ಹಿಂದೆಯೇ ಇಳಿದಳು. ಮೊದಲ ಗೇರು ಬಿತ್ತು. ಎರಡನೆಯದಕ್ಕೆ ಎರಡೂ ಕೈ, ಮೊಣಕಾಲು, ಅಜ್ಜಿಯ ಕಾಲದ ಬೈಗುಳ ಎಲ್ಲ ಹಾಕಿದರಂತೆ. ಕೊನೆಗೆ ಟ್ಯಾಂಕ್ ಕ್ಯಾಂಟೀನ್ ಬಾಗಿಲಿಗೇ ಅಡ್ಡ ನಿಂತುಬಿಟ್ಟಿತು. ಎಲೆಕೋಸಿನ ಸಾರು ಒಳಗೆ, ಹಸಿದ ಸಾಲು ಹೊರಗೆ. ಎಲ್ಲರೂ ಬೈಯುವುದನ್ನು ನಿಲ್ಲಿಸಿ ಉಸಿರೆಳೆದುಕೊಂಡಾಗ ಟ್ಯಾಂಕಿನೊಳಗಿನಿಂದ ಅವರ ಸಣ್ಣ ದನಿ ಕೇಳಿತು:

"ಗ್ಲಾಫಿರಾ, ಆ ಸುತ್ತಿಗೆ ಎಲ್ಲಿಟ್ಟಿದೀಯಮ್ಮ?"

ಸಂಜೆಯೇ ಹೊಸ ಗೇರಿಗೆ ಸಹಿ ಬಿತ್ತು. ಮೊದಲ ಟ್ಯಾಂಕಿಗೆ ಅದನ್ನು ಕೂರಿಸಿದ ದಿನ ಅವರೇ ಹತ್ತಿ ಕುಳಿತು, ಎರಡೇ ಬೆರಳಲ್ಲಿ ಹಿಡಿ ಸರಿಸಿ, ಬಹಳ ಹೊತ್ತು ಇಳಿಯದೇ ಇದ್ದರು. ಸುತ್ತಿಗೆಯ ನಿವೃತ್ತಿಯ ಆಜ್ಞೆ ಬರೆಯುವ ಗೌರವ ನನಗೇ ಸಿಕ್ಕಿತು. ಪಿಂಚಣಿ ಇಲ್ಲ.

ಹೌದು ಅಣ್ಣ, ಒಂದೇ ಕೈ ಸಾಕು.

ಅಮ್ಮ ನಿನ್ನ ಹಣೆಗೊಂದು ಮುತ್ತು ಕೊಟ್ಟಿದ್ದಾಳೆ. ಅದನ್ನು ಗ್ಲಾಫಿರಕ್ಕನ ಕೈಲಿ ಕಳಿಸಲಾರೆ, ಬರೆದು ತಲುಪಿಸುತ್ತಿದ್ದೇನೆ. ನಿನ್ನ ಗಾಯ ಮಾಯಲಿ, ಸಾರಿನ ಬಟ್ಟಲಿನಲ್ಲಿ ಒಮ್ಮೆಯಾದರೂ ಮಾಂಸ ಕಾಣಿಸಲಿ.

ನಿನ್ನ,
ಮತ್ವೇಯ್

ಮರೆತಿದ್ದೆ: ಬಲಗೈ, ಅಣ್ಣ. ಗೇರಿನ ಹಿಡಿ ಬಲಕ್ಕೇ ಇದೆ. ನಿನಗೆ ಉಳಿದಿರುವುದು ಎಡಗೈ. ಎಲ್ಲ ಹಿಡಿಗಳನ್ನೂ ಎಡಕ್ಕೆ ತಂದು ಒಂದು ನಕ್ಷೆ ಬರೆದು ತೋರಿಸಿದೆ. ಇಪ್ಪೊಲಿತ್ ಕಾಜಿಮಿರೊವಿಚ್ ಇದು ಯಾರಿಗೆ ಎಂದು ಕೇಳಿದರು. ಹೇಳಿದೆ. "ಮಾಡಬಹುದು ಮಗು," ಎಂದರು. "ಆದ್ರೆ ಬೆಂಕಿ ಹತ್ತಿದಾಗ ಒಂದೇ ಕೈಲಿ ಟ್ಯಾಂಕಿನ ಮುಚ್ಚಳ ಎತ್ತಿ ಹೊರಗೆ ಬರ್ತಾನಾ ಅವನು?" ನಕ್ಷೆಯನ್ನು ಸುರುಳಿ ಸುತ್ತಿ ವಾಪಸ್ ತಂದೆ. ಇಲ್ಲಿಗೆ ಬಾ. ನನ್ನ ಪಕ್ಕದಲ್ಲಿ ನಕ್ಷೆ ಬರೆಯುವ ಹಲಗೆಯೊಂದು ಖಾಲಿ ಇದೆ, ಅವರೂ ಒಪ್ಪಿದ್ದಾರೆ. ನಿನಗೆ ಹೇಳಿಕೊಡಬೇಕಲ್ಲ ಎಂದು ಎಡಗೈಯಲ್ಲಿ ಗೆರೆ ಎಳೆಯುವುದನ್ನು ನಾನೇ ಕಲಿಯುತ್ತಿದ್ದೇನೆ. ಈ ಸೊಟ್ಟ ಅಕ್ಷರಗಳು ಆ ಕೈಯವು.