ತೊಟ್ಟಿಲಲ್ಲಿ ಬದಲಾದ ಹೆಸರು

ಫೆಬ್ರುವರಿ ೯, ಸೋಲಾಪುರ

ಡೆನ್ಮಾರ್ಕಿನವರ ನಾಲಿಗೆಗೂ ಇಂಗ್ಲಿಷಿನವರ ನಾಲಿಗೆಗೂ ಹಗುರವಾಗಲೆಂದು ನಾವಿಬ್ಬರೂ ಮಗಳಿಗೆ ಆರಿಸಿದ್ದ ಹೆಸರು ಲೀನಾ. ಇವರಿಗೆ ಡೆನ್ಮಾರ್ಕಿನಲ್ಲಿ ಕೆಲಸ. ದೀಪಾವಳಿ ಮುಗಿದರೆ ನಾನೂ ಮಗುವೂ ಅಲ್ಲಿಗೇ. ಆದರೆ ತೊಟ್ಟಿಲಲ್ಲಿ ಹೆಸರು ಕರೆಯುವ ಹಕ್ಕು ಸೋದರತ್ತೆಯದು. ಇಂದು ನಾದಿನಿ ಪೂರ್ವಾ ಬಗ್ಗಿ, ಓಣಿಗೆಲ್ಲ ಕೇಳುವಂತೆ ‘ಭಾಗೀರಥಿ’ ಎಂದಳು. ಅವಳಜ್ಜಿಯ ಹೆಸರು!

ಹೆಸರಿಟ್ಟವಳ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿ. ನಾನೂ ಗುದ್ದಿದೆ, ಇದ್ದ ಶಕ್ತಿಯೆಲ್ಲ ಹಾಕಿ.

“ಯವ್ವಾ! ವೈನಿ, ಬೆನ್ನ ಮುರೀತೀರೇನ್ರಿ?”

“ಶಾಸ್ತ್ರ ಐತಿವಾ, ತಡ್ಕೋ.”

ಎಲ್ಲರೂ ನಕ್ಕರು. ನನಗೆ ಸಾಲಲಿಲ್ಲ.

ಇನ್ನು ಹಾಲೂಡುವಾಗಲೆಲ್ಲ ಮಗುವಿನ ಕಿವಿಯಲ್ಲಿ ಲೀನಾ, ಲೀನಾ ಎನ್ನುತ್ತೇನೆ. ದೀಪಾವಳಿಗೆ ಬಂದಾಗ ಪೂರ್ವಾ ‘ಭಾಗೀರಥಿ’ ಎಂದು ಎಷ್ಟೇ ಕೂಗಲಿ, ಇವಳು ಅವಳತ್ತ ತಿರುಗಿಯೂ ನೋಡಬಾರದು. ಎಲ್ಲರೆದುರು. ಆಮೇಲೆ ನಾನು, ಮೆಲ್ಲಗೆ, ಒಂದೇ ಸಲ ಕರೆಯುತ್ತೇನೆ.